ಅಪಘಾತದ ಆಟವನ್ನೇ ಆಡುವ ಮಗ: ಪ್ಲೇ ಥೆರಪಿ ಎಷ್ಟರಮಟ್ಟಿಗೆ ನೆರವಾದೀತು?

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಎಂಟು ತಿಂಗಳ ಹಿಂದೆ ನನ್ನ ಯಜಮಾನರು ಬೈಕ್ ಅಪಘಾತದಲ್ಲಿ ತೀರಿಕೊಂಡರು. ಆ ಸಂಜೆ ಮಗ ಕೇಳಿದನೆಂದು ಡ್ರಾಯಿಂಗ್ ಶೀಟ್ ತರಲು ಪೇಟೆಗೆ ಹೋದವರು ಮನೆಗೆ ಬರಲಿಲ್ಲ. ಮಗನಿಗೆ ಈಗ ಆರು ವರ್ಷ, ಒಂದನೇ ತರಗತಿ. ಮೊದಲು ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಎಂದಿದ್ದೆವು. ಆಮೇಲೆ ದೇವರ ಹತ್ತಿರ ಹೋಗಿದ್ದಾರೆ, ನೀನು ಜಾಣನಾಗಿದ್ದರೆ ಬರುತ್ತಾರೆ ಎಂದು ಅತ್ತೆ ಸಮಾಧಾನ ಮಾಡಿದರು. ಕಾರ್ಯಗಳು ಮುಗಿಯುವವರೆಗೆ ಅವನನ್ನು ನನ್ನ ತಂಗಿಯ ಮನೆಯಲ್ಲಿ ಬಿಟ್ಟಿದ್ದೆವು. ಮೂರು ವರ್ಷಕ್ಕೇ ಹಾಸಿಗೆ ಒದ್ದೆ ಮಾಡುವುದನ್ನು ನಿಲ್ಲಿಸಿದ್ದವನು ಈಗ ವಾರದಲ್ಲಿ ನಾಲ್ಕೈದು ರಾತ್ರಿ ಮಾಡಿಕೊಳ್ಳುತ್ತಾನೆ. ಶಾಲೆಯ ಗೇಟಿನ ಹತ್ತಿರ ನನ್ನ ಕೈ ಬಿಡುವುದಿಲ್ಲ. ಕಳೆದ ತಿಂಗಳು ತರಗತಿಯ ಹುಡುಗನೊಬ್ಬನಿಗೆ ಪೆನ್ಸಿಲಿನಿಂದ ಚುಚ್ಚಿದ. ಪ್ರತಿ ಸಂಜೆ ಆಟಿಕೆ ಬೈಕನ್ನು ಲಾರಿಗೆ ಗುದ್ದಿಸಿ, ಗೊಂಬೆಯ ಮೇಲೆ ಕರ್ಚೀಫು ಹೊದಿಸಿ, ಮತ್ತೆ ಮೊದಲಿನಿಂದ ಅದನ್ನೇ ಆಡುತ್ತಾನೆ. ಅಪಶಕುನವೆಂದು ಅತ್ತೆ ಲಾರಿಯನ್ನು ಅಟ್ಟದ ಮೇಲೆ ಬಚ್ಚಿಟ್ಟರು. ಈಗ ಚಪ್ಪಲಿಯನ್ನೇ ಲಾರಿ ಮಾಡಿಕೊಂಡಿದ್ದಾನೆ. ಮಕ್ಕಳ ವೈದ್ಯರು ಪ್ಲೇ ಥೆರಪಿಗೆ ಕಳಿಸಿದರು. ನಾಲ್ಕು ಶನಿವಾರ ಹೋಗಿಬಂದೆವು. ಒಳಗೆ ಏನು ನಡೆಯಿತು ಎಂದರೆ ಥೆರಪಿಸ್ಟ್ ಪೂರ್ತಿ ಹೇಳುವುದಿಲ್ಲ. ಮಗ ‘ಆಟ ಆಡಿದೆ’ ಎನ್ನುತ್ತಾನೆ. ಆಟ ಆಡಿಸಲು ದುಡ್ಡು ಕೊಡಬೇಕೇ ಎಂದು ಮಾವ ಕೇಳುತ್ತಾರೆ. ಇದು ನಿಜವಾದ ಚಿಕಿತ್ಸೆಯೇ? ಆ ಆಟವನ್ನು ತಡೆಯಬೇಕೇ? ಮಾತ್ರೆ ಕೊಡಿಸುವುದು ಮೇಲೇ? ನಾನು ಅವನೆದುರು ಅಳುವುದರಿಂದಲೇ ಹೀಗಾಯಿತೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗನ್ನಿಸುತ್ತದೆ. ಮಗುವಿನ ಮನಸ್ಸಿನಲ್ಲಿ ಏನೋ ಕೆಟ್ಟುಹೋಗಿದೆ, ಅದನ್ನು ಸರಿಪಡಿಸುವ ಹೊಣೆ ಹೊತ್ತವರು ಬರೀ ಆಟವಾಡಿಸಿ ಕಳಿಸುತ್ತಿದ್ದಾರೆ, ಅಷ್ಟರಲ್ಲಿ ಸಮಯ ಮೀರಿಹೋದರೆ ಗತಿಯೇನು ಎಂಬ ಭಯ ಅದು. ಮಕ್ಕಳೊಂದಿಗೆ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಪ್ಲೇ ಥೆರಪಿ ನಿಜವಾದ ಚಿಕಿತ್ಸೆ. ನಾಲ್ಕು ಭೇಟಿಗಳಲ್ಲಿ ಅದರ ಫಲವನ್ನು ಅಳೆಯಲಾಗದು. ಅಪಘಾತದ ಆಟವನ್ನು ತಡೆಯಬೇಡಿ, ಅಟ್ಟದ ಮೇಲಿನ ಲಾರಿಯನ್ನು ಕೆಳಗಿಳಿಸಿ ಕೊಡಿ. ಆದರೆ ಯಾವ ಥೆರಪಿಸ್ಟರೂ ನಿಮ್ಮ ಪರವಾಗಿ ಮಾಡಲಾಗದ ಒಂದು ಕೆಲಸ ಮನೆಯಲ್ಲಿ ಬಾಕಿ ಉಳಿದಿದೆ. ಮಗನಿಗೆ ಅವನ ಅಪ್ಪ ಸತ್ತಿದ್ದಾರೆ ಎಂದು ಇದುವರೆಗೂ ಯಾರೂ ಹೇಳಿಲ್ಲ. ಅದು ಬಾಕಿ ಇರುವವರೆಗೆ ಶನಿವಾರದ ಭೇಟಿಗಳು ಅರ್ಧ ಫಲವನ್ನಷ್ಟೇ ಕೊಟ್ಟಾವು.

ಅದಕ್ಕೂ ಮುನ್ನ ಹಾಸಿಗೆ ಒದ್ದೆಯಾಗುವ ವಿಚಾರ. ವರ್ಷಗಟ್ಟಲೆ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದಾಗ ಮನಸ್ಸಿನ ನೋವು ಸಾಮಾನ್ಯ ಕಾರಣಗಳಲ್ಲೊಂದು ಎಂಬುದು ನಿಜವಾದರೂ, ಮೂತ್ರದ ಸೋಂಕು, ಮಲಬದ್ಧತೆ ಮತ್ತು ಸಕ್ಕರೆ ಕಾಯಿಲೆ ಈ ಮೂರನ್ನು ಪರೀಕ್ಷಿಸದೆ ಎಲ್ಲವನ್ನೂ ದುಃಖದ ಲೆಕ್ಕಕ್ಕೆ ಹಾಕಬಾರದು. ಮಕ್ಕಳ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿರದಿದ್ದರೆ ಈ ವಾರವೇ ಮಾಡಿಸಿ. ಮಗು ವಿಪರೀತ ನೀರು ಕುಡಿಯುತ್ತಿದ್ದರೆ, ಹಗಲಿನಲ್ಲೂ ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ತೂಕ ಇಳಿದಂತೆ ಕಂಡರೆ ವಾರದವರೆಗೂ ಕಾಯದೆ ಅಂದೇ ರಕ್ತದ ಸಕ್ಕರೆ ನೋಡಿಸಬೇಕು. ಪರೀಕ್ಷೆಗಳು ಸರಿಯಿದ್ದರೆ ಬೈಗುಳ, ನಾಚಿಕೆಪಡಿಸುವುದು, ನೆಂಟರೆದುರು ಹೇಳುವುದು ಇವ್ಯಾವುದೂ ಇಲ್ಲದೆ, ಹಾಸಿಗೆಯ ಮೇಲೊಂದು ರಬ್ಬರ್ ಶೀಟ್ ಹಾಸಿ, ಬೆಳಿಗ್ಗೆ ಸದ್ದಿಲ್ಲದೆ ಬಟ್ಟೆ ಬದಲಾಯಿಸಿದರೆ ಸದ್ಯಕ್ಕೆ ಸಾಕು.

ಇನ್ನು ಮಾವನವರ ಪ್ರಶ್ನೆ. ಅದು ಒರಟಾಗಿ ಕೇಳಿಸಿದರೂ ನ್ಯಾಯವಾದ ಪ್ರಶ್ನೆಯೇ. ದೊಡ್ಡವರು ದುಃಖವನ್ನು ಮಾತಿನಲ್ಲಿ ಹೊರಹಾಕುತ್ತಾರೆ. ಆರು ವರ್ಷದ ಮಗುವಿಗೆ ಮಾತು ಬರುತ್ತದೆ, ಆದರೆ ತನ್ನೊಳಗೆ ಆಗುತ್ತಿರುವುದನ್ನು ದೂರದಿಂದ ನೋಡಿ ಅದಕ್ಕೆ ಭಯ, ತಪ್ಪಿತಸ್ಥ ಭಾವ, ಸಿಟ್ಟು ಎಂದು ಹೆಸರಿಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ‘ಯಾಕೆ ಹೊಡೆದೆ?’ ಎಂದು ಕೇಳಿದಾಗ ‘ಗೊತ್ತಿಲ್ಲ’ ಎನ್ನುವ ಮಗು ಬಹಳ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಅದೇ ಮಗುವಿನ ಕೈಗೆ ಒಂದು ಬೈಕು, ಒಂದು ಲಾರಿ, ಒಂದು ಗೊಂಬೆ ಸಿಕ್ಕರೆ ಇಡೀ ಘಟನೆಯನ್ನು ತನಗೆ ಅರ್ಥವಾದಂತೆ ನೆಲದ ಮೇಲೆ ಹರಡುತ್ತದೆ. ಇದನ್ನು ಗಮನಿಸಿದವರು ಕಟ್ಟಿದ ಚಿಕಿತ್ಸೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಲಂಡನ್ನಿನಲ್ಲಿ ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ಮಕ್ಕಳ ವೈದ್ಯೆ 1920ರ ದಶಕದ ಕೊನೆಯ ಹೊತ್ತಿಗೇ ಮರಳಿನ ತಟ್ಟೆ, ನೀರು ಮತ್ತು ಪುಟ್ಟ ಪುಟ್ಟ ಆಟಿಕೆಗಳನ್ನು ಮಕ್ಕಳ ಮುಂದಿಟ್ಟು ಅವರು ಕಟ್ಟುವ ಲೋಕವನ್ನು ಓದತೊಡಗಿದ್ದರು. ಅಮೆರಿಕದಲ್ಲಿ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಮಗುವೇ ದಾರಿ ತೋರಿಸುವ, ಚಿಕಿತ್ಸಕರು ಹಿಂಬಾಲಿಸುವ ಪದ್ಧತಿಯನ್ನು ವಿವರವಾಗಿ ಬರೆದಿಟ್ಟರು. ಇಂದು ನಮ್ಮಲ್ಲಿ ನಡೆಯುವ ಬಹುಪಾಲು ಪ್ಲೇ ಥೆರಪಿ ಇದೇ ಪದ್ಧತಿಯ ಒಂದಲ್ಲ ಒಂದು ರೂಪ.

ಹಾಗಾದರೆ ಮನೆಯಲ್ಲಿ ಆಡುವ ಆಟಕ್ಕೂ ಆ ಕೋಣೆಯ ಆಟಕ್ಕೂ ಏನು ವ್ಯತ್ಯಾಸ? ಮನೆಯಲ್ಲಿ ಆ ಆಟವನ್ನು ನೋಡುವ ಪ್ರತಿಯೊಬ್ಬರಿಗೂ ನೋವಾಗುತ್ತದೆ. ನೀವು ಕಣ್ಣೀರಾಗಿ ಎದ್ದುಹೋಗುತ್ತೀರಿ, ಅಜ್ಜಿ ಗದರುತ್ತಾರೆ, ತಾತ ಟಿವಿಯ ಸದ್ದು ಏರಿಸುತ್ತಾರೆ. ತನ್ನ ಆಟದಿಂದ ದೊಡ್ಡವರು ಕುಸಿಯುತ್ತಾರೆ ಎಂಬುದನ್ನು ಮಗು ಬೇಗ ಕಲಿಯುತ್ತದೆ. ಥೆರಪಿಯ ಕೋಣೆಯಲ್ಲಿ ಅದನ್ನು ಕೊನೆಯವರೆಗೆ, ಅಲುಗಾಡದೆ, ಹೆದರದೆ, ತಿದ್ದದೆ ನೋಡುವ ಒಬ್ಬ ದೊಡ್ಡವರು ಇರುತ್ತಾರೆ. ವಾರಕ್ಕೊಮ್ಮೆ, ಅದೇ ಹೊತ್ತು, ಅದೇ ಕೋಣೆ, ಸುಮಾರು 45 ನಿಮಿಷ, ಆಟಿಕೆಗಳೆಲ್ಲ ಹಿಂದಿನ ವಾರ ಇದ್ದ ಜಾಗದಲ್ಲೇ. ಆ ಕ್ರಮಬದ್ಧತೆಯೂ ಚಿಕಿತ್ಸೆಯ ಭಾಗವೇ. ಒಂದು ಸಂಜೆ ಏಕಾಏಕಿ ಬದುಕು ತಲೆಕೆಳಗಾದ ಮಗುವಿಗೆ, ಹೇಳಿದ ಹೊತ್ತಿಗೆ ಹೇಳಿದಂತೆ ನಡೆಯುವ ಜಾಗವೊಂದು ಬೇಕಾಗಿರುತ್ತದೆ.

ಒಳಗೆ ನಡೆಯುವುದು ಹೊರಗಿನವರಿಗೆ ಎಷ್ಟು ಸಣ್ಣದಾಗಿ ಕಾಣಬಹುದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇದು ಯಾವುದೋ ಒಂದು ಮಗುವಿನ ಕಥೆಯಲ್ಲ, ಹಲವು ಮಕ್ಕಳಲ್ಲಿ ಕಂಡದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ಅಜ್ಜನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಗೊಂಬೆಯನ್ನು ಮಹಡಿಯಿಂದ ಬೀಳಿಸುತ್ತಾಳೆ. ಆಂಬುಲೆನ್ಸ್ ಹೊರಡುತ್ತದೆ, ಆದರೆ ದಾರಿಯಲ್ಲಿ ಒಮ್ಮೆ ಪೆಟ್ರೋಲ್ ಖಾಲಿ, ಇನ್ನೊಮ್ಮೆ ಹಸು ಅಡ್ಡ, ಮತ್ತೊಮ್ಮೆ ಡ್ರೈವರ್‌ಗೆ ನಿದ್ದೆ. ವಾರಗಟ್ಟಲೆ ಆಂಬುಲೆನ್ಸ್ ತಡವಾಗಿಯೇ ಬರುತ್ತದೆ. ಚಿಕಿತ್ಸಕಿ ‘ಈ ಸಲವಾದರೂ ಬೇಗ ಬರಲಿ’ ಎನ್ನುವುದಿಲ್ಲ, ‘ಇದು ನಿನ್ನ ಅಜ್ಜನ ಕಥೆಯಾ?’ ಎಂದೂ ಕೇಳುವುದಿಲ್ಲ. ‘ಎಷ್ಟು ಕರೆದರೂ ಯಾರೂ ಬರ್ತಿಲ್ಲ. ಗೊಂಬೆ ಒಂದೇ ಬಿದ್ದಿದೆ’ ಎಂದು ಕಂಡದ್ದನ್ನು, ಅದರೊಳಗಿನ ಭಾವವನ್ನು ಮಾತ್ರ ಹೇಳುತ್ತಾಳೆ. ಒಂದು ದಿನ ಹುಡುಗಿ ಆಂಬುಲೆನ್ಸನ್ನು ಬಿಟ್ಟು ತಾನೇ ಡಾಕ್ಟರಾಗುತ್ತಾಳೆ, ಗೊಂಬೆಯ ಕಾಲಿಗೆ ಬ್ಯಾಂಡೇಜು ಸುತ್ತುತ್ತಾಳೆ, ಸುತ್ತುತ್ತಲೇ ಅದರ ಕಿವಿಯಲ್ಲಿ ‘ನಾನು ಹಠ ಮಾಡಿದ್ದಕ್ಕೆ ಬಿದ್ದೆಯಾ?’ ಎಂದು ಕೇಳುತ್ತಾಳೆ. ವಾರಗಳ ಕೆಲಸವೆಲ್ಲ ನಡೆದದ್ದು ಆ ಒಂದು ಪ್ರಶ್ನೆ ಹೊರಬರುವಷ್ಟು ಧೈರ್ಯ ಮಗುವಿಗೆ ಬರಲಿ ಎಂದೇ. ಹೊರಗೆ ಬೆಂಚಿನ ಮೇಲೆ ಕುಳಿತ ಅಮ್ಮ ‘ಏನು ಮಾಡಿದೆ?’ ಎಂದರೆ ಆ ಹುಡುಗಿಯೂ ‘ಆಟ ಆಡಿದೆ’ ಎಂದೇ ಹೇಳುತ್ತಾಳೆ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಒತ್ತು ಕೊಡದೆ ಬರೆದ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಮೊದಲನೆಯದು, ಅಪ್ಪ ಹೊರಗೆ ಹೋದದ್ದು ಮಗ ಕೇಳಿದ ಡ್ರಾಯಿಂಗ್ ಶೀಟಿಗಾಗಿ ಎಂಬುದು. ಎರಡನೆಯದು, ಜಾಣನಾಗಿದ್ದರೆ ಅಪ್ಪ ಬರುತ್ತಾರೆ ಎಂದು ಅವನಿಗೆ ಹೇಳಿರುವುದು. ಈ ವಯಸ್ಸಿನ ಮಕ್ಕಳು ಕಾರಣ ಮತ್ತು ಪರಿಣಾಮವನ್ನು ತಮ್ಮನ್ನೇ ನಡುವೆ ಇಟ್ಟುಕೊಂಡು ಜೋಡಿಸುತ್ತಾರೆ. ತಾನು ಅಂದುಕೊಂಡದ್ದು, ಕೇಳಿದ್ದು, ಹಠ ಹಿಡಿದದ್ದು ಲೋಕದಲ್ಲಿ ಏನನ್ನೋ ನಡೆಸಿಬಿಡುತ್ತದೆ ಎಂದು ನಂಬುತ್ತಾರೆ. ಆ ಕಣ್ಣಿನಿಂದ ನೋಡಿದರೆ ಲೆಕ್ಕ ಹೀಗಾಗುತ್ತದೆ: ನಾನು ಶೀಟ್ ಕೇಳಿದೆ, ಅದಕ್ಕೆ ಅಪ್ಪ ಹೋದರು. ನಾನು ಜಾಣನಾದರೆ ಬರುತ್ತಾರೆ, ಇನ್ನೂ ಬಂದಿಲ್ಲ, ಅಂದರೆ ನಾನು ಜಾಣನಲ್ಲ. ಹಾಸಿಗೆ ಒದ್ದೆಯಾದ ಪ್ರತಿ ಬೆಳಿಗ್ಗೆ, ಶಾಲೆಯಲ್ಲಿ ಬೈಸಿಕೊಂಡ ಪ್ರತಿ ದಿನ ಅವನಿಗೆ ಇದೇ ಮತ್ತೆ ರುಜುವಾತಾಗುತ್ತದೆ. ನಿಮ್ಮ ಮಗ ಹೀಗೇ ಯೋಚಿಸುತ್ತಿದ್ದಾನೆಂದು ಒಂದು ಪತ್ರ ಓದಿ ಖಚಿತವಾಗಿ ಹೇಳುವುದು ತಪ್ಪಾಗುತ್ತದೆ. ಆದರೆ ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಚಿಕ್ಕ ಮಕ್ಕಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಹುಡುಕುವುದು ಇದನ್ನೇ. ಥೆರಪಿಸ್ಟರಿಗೆ ಈ ಎರಡು ಸಂಗತಿಗಳನ್ನು ಹೇಳಿದ್ದೀರಾ ಎಂಬುದು ಪತ್ರದಿಂದ ತಿಳಿಯಲಿಲ್ಲ. ಹೇಳಿರದಿದ್ದರೆ ಮಗ ಜೊತೆಗಿಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಹೇಳಿ.

ಅತ್ತೆಯವರನ್ನು ನಾನು ದೂರುತ್ತಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಮೊಮ್ಮಗನ ಅಳು ನಿಲ್ಲಿಸಲು ಬಾಯಿಗೆ ಬಂದ ಸಮಾಧಾನ ಹೇಳಿದ್ದಾರೆ. ನಮ್ಮ ಬಹುತೇಕ ಮನೆಗಳಲ್ಲಿ ಹೇಳುವುದೇ ಅದು. ನಕ್ಷತ್ರವಾಗಿದ್ದಾರೆ, ಮಲಗಿದ್ದಾರೆ, ದೂರದ ಊರಿಗೆ ಹೋಗಿದ್ದಾರೆ ಎಂಬ ಮಾತುಗಳೂ ಇದೇ ಜಾತಿಯವು. ತೊಂದರೆಯೇನೆಂದರೆ ಮಗು ಅವನ್ನು ಅಕ್ಷರಶಃ ಹಿಡಿಯುತ್ತದೆ. ಮಲಗಿದ್ದಾರೆ ಎಂದು ಕೇಳಿದ ಮಗು ನಿದ್ದೆಗೆ ಹೆದರುತ್ತದೆ. ಆಸ್ಪತ್ರೆಯಲ್ಲಿದ್ದಾರೆ ಎಂದು ಕೇಳಿದ ಮಗು ಅಮ್ಮನಿಗೆ ಜ್ವರ ಬಂದು ಆಸ್ಪತ್ರೆಗೆ ಹೊರಟರೂ ಕಿರುಚುತ್ತದೆ. ಸಾವು ಎಂದರೆ ಮರಳಿ ಬಾರದ್ದು, ದೇಹ ಕೆಲಸ ನಿಲ್ಲಿಸುವುದು, ಎಲ್ಲರಿಗೂ ಬರುವಂಥದ್ದು ಎಂಬ ತಿಳಿವಳಿಕೆ ಸಾಮಾನ್ಯವಾಗಿ ಐದರಿಂದ ಏಳು ವರ್ಷಗಳ ನಡುವೆ ಮೂಡುತ್ತದೆ. ನಿಮ್ಮ ಮಗ ಸರಿಯಾಗಿ ಆ ಹೊಸ್ತಿಲಲ್ಲಿದ್ದಾನೆ. ಗೊಂಬೆಗೆ ಕರ್ಚೀಫು ಹೊದಿಸುವ ಮಗುವಿಗೆ ಅರ್ಧ ವಿಷಯ ಆಗಲೇ ಗೊತ್ತಿದೆ. ಉಳಿದರ್ಧವನ್ನು ಯಾರೂ ಹೇಳುತ್ತಿಲ್ಲವಾದ್ದರಿಂದ ಒಬ್ಬನೇ ಕುಳಿತು ಆಡಿ ಆಡಿ ಹುಡುಕುತ್ತಿದ್ದಾನೆ.

ಹೇಳುವುದು ಹೇಗೆ? ಶಾಲೆಯಿಲ್ಲದ ದಿನ, ಬೆಳಗಿನ ಹೊತ್ತು, ಅವನು ನಿಮ್ಮ ಪಕ್ಕದಲ್ಲೋ ಮಡಿಲಲ್ಲೋ ಇರುವಾಗ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ‘ಅಪ್ಪನ ಬೈಕಿಗೆ ಅಪಘಾತ ಆಯಿತು. ತುಂಬಾ ಜೋರಾಗಿ ಪೆಟ್ಟಾಯಿತು. ಡಾಕ್ಟರ್ ಪ್ರಯತ್ನ ಮಾಡಿದರು, ಆದರೆ ಅಪ್ಪನ ದೇಹ ಕೆಲಸ ಮಾಡೋದು ನಿಂತುಹೋಯಿತು. ಅಪ್ಪ ಸತ್ತುಹೋದರು. ಸತ್ತವರು ವಾಪಸ್ ಬರೋಕೆ ಆಗಲ್ಲ. ಅಪ್ಪನಿಗೆ ಬರೋಕೆ ಇಷ್ಟ ಇಲ್ಲ ಅಂತ ಅಲ್ಲ, ಬರೋಕೆ ಆಗಲ್ಲ. ಬರ್ತಾರೆ ಅಂತ ನಾವು ಹೇಳಿದ್ದು ತಪ್ಪು. ನೀನು ಶೀಟ್ ಕೇಳಿದ್ದಕ್ಕೆ ಅಪಘಾತ ಆಗಲಿಲ್ಲ. ಮಕ್ಕಳು ಕೇಳೋದರಿಂದ, ಹಠ ಮಾಡೋದರಿಂದ, ಸಿಟ್ಟು ಮಾಡೋದರಿಂದ ಯಾರೂ ಸಾಯಲ್ಲ.’ ಇಷ್ಟು ಹೇಳಿ ನಿಲ್ಲಿಸಿ. ಅವನು ಅಳಬಹುದು, ಏನೂ ಆಗದವನಂತೆ ಆಡಲು ಓಡಬಹುದು, ಹತ್ತು ನಿಮಿಷದ ನಂತರ ‘ಹಾಗಾದರೆ ಅಪ್ಪನ ಫೋನ್ ಎಲ್ಲಿದೆ?’ ಎಂದು ಕೇಳಬಹುದು. ಎಲ್ಲವೂ ಸಹಜವೇ. ಅದೇ ಪ್ರಶ್ನೆಯನ್ನು ತಿಂಗಳುಗಟ್ಟಲೆ ಕೇಳಿಯಾನು; ಪ್ರತಿ ಸಲವೂ ಉತ್ತರ ಒಂದೇ ಆಗಿರಬೇಕು, ಮತ್ತು ಮನೆಯವರೆಲ್ಲರದೂ ಒಂದೇ ಆಗಿರಬೇಕು. ದೇವರು, ಪುಣ್ಯಲೋಕ ಎಂಬ ನಿಮ್ಮ ನಂಬಿಕೆಗಳನ್ನು ಬಿಡಬೇಕಾಗಿಲ್ಲ. ಸಾವು ಎಂಬ ಸಂಗತಿಯನ್ನು ಸ್ಪಷ್ಟವಾಗಿ ಹೇಳಿದ ಮೇಲೆ ‘ಅಪ್ಪನ ಜೀವ ದೇವರ ಹತ್ತಿರ ಇದೆ ಅಂತ ನಾವು ನಂಬ್ತೀವಿ’ ಎಂದು ಅಜ್ಜಿ ಹೇಳಿದರೆ ಅದು ಸಾಂತ್ವನವೇ ಆಗುತ್ತದೆ. ಒಬ್ಬರೇ ಹೇಳಲು ಧೈರ್ಯವಾಗದಿದ್ದರೆ ಥೆರಪಿಸ್ಟರ ಎದುರಿನಲ್ಲಿ ಹೇಳಬಹುದು. ಅದನ್ನು ಕೇಳಿಕೊಳ್ಳಲು ಸಂಕೋಚ ಬೇಡ. ಇನ್ನು ನಾಲ್ಕು ತಿಂಗಳಿಗೆ ವರ್ಷದ ತಿಥಿ ಬರುತ್ತದೆ. ಆಗ ಅವನನ್ನು ಮತ್ತೆ ತಂಗಿಯ ಮನೆಗೆ ಕಳಿಸಬೇಡಿ. ಏನೇನು ನಡೆಯುತ್ತದೆ, ಯಾರು ಅಳಬಹುದು ಎಂದು ಮೊದಲೇ ಹೇಳಿ, ಇಷ್ಟವಿದ್ದರೆ ಅಪ್ಪನ ಫೋಟೋಗೆ ಹೂವಿಡುವ ಕೆಲಸವನ್ನು ಅವನಿಗೇ ಕೊಡಿ, ಬೇಡವೆಂದರೆ ಒತ್ತಾಯಿಸಬೇಡಿ.

ಅಪಘಾತದ ಆಟದ ವಿಷಯಕ್ಕೆ ಬರುತ್ತೇನೆ. ಅದು ಅಪಶಕುನವೂ ಅಲ್ಲ, ಹುಚ್ಚಿನ ಲಕ್ಷಣವೂ ಅಲ್ಲ. ಬದುಕಿನಲ್ಲಿ ಕೈ ಮೀರಿ ನಡೆದದ್ದನ್ನು ಆಟದಲ್ಲಿ ತನ್ನ ಕೈಯಿಂದಲೇ ನಡೆಸುವುದು ಮಕ್ಕಳು ಆಘಾತವನ್ನು ಅರಗಿಸಿಕೊಳ್ಳುವ ದಾರಿ. ಆದರೂ ಇಲ್ಲಿ ಒಂದು ವ್ಯತ್ಯಾಸವನ್ನು ನೀವು ಗುರುತಿಸಬೇಕು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಿನಲ್ಲಿ ಶಾಲಾ ಬಸ್ಸನ್ನು ಅಪಹರಿಸಿ 26 ಮಕ್ಕಳನ್ನು, ಅವರ ಚಾಲಕನನ್ನು ನೆಲದಡಿ ಹೂತಿಟ್ಟಿದ್ದ ವಾಹನವೊಂದರಲ್ಲಿ ಕೂಡಿಹಾಕಲಾಗಿತ್ತು. ಎಲ್ಲರೂ ಬದುಕಿ ಹೊರಬಂದರು. ಆ ಮಕ್ಕಳನ್ನು ನಂತರದ ವರ್ಷಗಳಲ್ಲಿ ಅಧ್ಯಯನ ಮಾಡಿದ ಮನೋವೈದ್ಯೆ ಲೆನೋರ್ ಟೆರ್, ಕೆಲವು ಮಕ್ಕಳ ಆಟ ಮಾಮೂಲಿನಂತಿರಲಿಲ್ಲ ಎಂಬುದನ್ನು ದಾಖಲಿಸಿದರು. ಅದು ನಗುವಿಲ್ಲದ, ಬದಲಾಗದ, ಎಷ್ಟು ಆಡಿದರೂ ಸಮಾಧಾನ ತರದ ಆಟವಾಗಿತ್ತು. ನಿಮ್ಮ ಮಗನ ಆಟವನ್ನು ಕೆಲವು ಸಂಜೆ ದೂರದಿಂದ ಗಮನಿಸಿ. ಕಥೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಬರುತ್ತಿವೆಯೇ, ಪೊಲೀಸ್, ಡಾಕ್ಟರ್, ಅಮ್ಮ ಇಂಥ ಹೊಸ ಪಾತ್ರಗಳು ಸೇರುತ್ತಿವೆಯೇ, ಆಡಿದ ಮೇಲೆ ಊಟಕ್ಕೆ ಕರೆದರೆ ಎದ್ದು ಬರುತ್ತಾನೆಯೇ? ಹಾಗಿದ್ದರೆ ಆಟ ತನ್ನ ಕೆಲಸ ಮಾಡುತ್ತಿದೆ. ಇದಕ್ಕೆ ಬದಲಾಗಿ ಒಂದಕ್ಷರವೂ ಬದಲಾಗದೆ, ಮೈ ಬಿಗಿಹಿಡಿದು, ಕರೆದರೂ ಕೇಳಿಸದಂತೆ ಆಡುತ್ತಿದ್ದರೆ, ಆಟ ಮುಗಿದ ಮೇಲೆ ಇನ್ನಷ್ಟು ಕೆರಳುತ್ತಿದ್ದರೆ ಅದು ಸಿಕ್ಕಿಹಾಕಿಕೊಂಡ ಆಟ. ಆಗ ಥೆರಪಿಸ್ಟ್ ಸುಮ್ಮನೆ ಹಿಂಬಾಲಿಸುವುದನ್ನು ಬಿಟ್ಟು ತುಸು ಕೈ ಹಾಕಬೇಕಾಗುತ್ತದೆ. ನೀವು ಕಂಡದ್ದನ್ನು ಅವರಿಗೆ ತಿಳಿಸಿ. ಲಾರಿ ಕಿತ್ತಿಟ್ಟರೆ ಏನಾಗುತ್ತದೆ ಎಂಬುದನ್ನು ಆ ಚಪ್ಪಲಿಯೇ ನಿಮಗೆ ತೋರಿಸಿದೆ.

ದುಡ್ಡಿಗೆ ತಕ್ಕ ಫಲವಿದೆಯೇ ಎಂಬುದಕ್ಕೆ ಸಂಶೋಧನೆ ಏನು ಹೇಳುತ್ತದೆ ಎಂದು ಮಾವನವರಿಗೆ ಹೇಳಬಹುದು. 2005ರಲ್ಲಿ 93 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಪ್ಲೇ ಥೆರಪಿ ಪಡೆದ ಮಕ್ಕಳಲ್ಲಿ, ಪಡೆಯದವರಿಗಿಂತ ಸಾಕಷ್ಟು ದೊಡ್ಡ ಸುಧಾರಣೆ ಕಂಡಿತ್ತು. 2015ರಲ್ಲಿ ಮಗುವೇ ಮುನ್ನಡೆಸುವ ಪದ್ಧತಿಯ 52 ಅಧ್ಯಯನಗಳನ್ನು ಹೆಚ್ಚು ಬಿಗಿಯಾಗಿ ನೋಡಿದಾಗ ಆ ಫಲ ಮಧ್ಯಮ ಪ್ರಮಾಣದ್ದು ಎಂದು ಕಂಡುಬಂತು. ಇವುಗಳಲ್ಲಿ ಅನೇಕವು ಸಣ್ಣ ಅಧ್ಯಯನಗಳು ಎಂಬುದನ್ನೂ ಸೇರಿಸಿಯೇ ಹೇಳಬೇಕು. ಆದ್ದರಿಂದ ‘ಖಂಡಿತ ಗುಣವಾಗುತ್ತದೆ’ ಎನ್ನುವವರನ್ನು ನಾನು ನಂಬುವುದಿಲ್ಲ, ‘ಬರೀ ಆಟ’ ಎನ್ನುವವರನ್ನೂ ಒಪ್ಪುವುದಿಲ್ಲ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಬೇರೊಂದಿದೆ: 2005ರ ಆ ಪರಿಶೀಲನೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಫಲ ಕಂಡದ್ದು ತರಬೇತಿ ಪಡೆದ ತಂದೆತಾಯಿಯರೇ ಮಕ್ಕಳೊಂದಿಗೆ ಆಟದ ಅವಧಿ ನಡೆಸಿದಾಗ. ಅಮೆರಿಕದ ಗರ್ನಿ ದಂಪತಿ 1960ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ಚಿಕಿತ್ಸಕರು ತಂದೆತಾಯಿಗೆ ಕಲಿಸುತ್ತಾರೆ, ಅವರ ಆಟವನ್ನು ನೋಡಿ ತಿದ್ದುತ್ತಾರೆ. ಪ್ರತಿ ಶನಿವಾರ ಬಸ್ಸು ಹಿಡಿದು ಹೋಗುವುದು ಕಷ್ಟವಾದರೆ ಹದಿನೈದು ದಿನಕ್ಕೊಮ್ಮೆ ಹೋಗಿ, ನಡುವಿನ ವಾರಗಳಲ್ಲಿ ಮನೆಯಲ್ಲಿ ಇದನ್ನು ಮಾಡಬಹುದೇ ಎಂದು ನಿಮ್ಮ ಥೆರಪಿಸ್ಟರನ್ನು ಕೇಳಿ ನೋಡಿ.

ಮನೆಯಲ್ಲಿ ಮಾಡುವುದಾದರೆ ವಾರಕ್ಕೊಂದು ದಿನ, ಗೊತ್ತುಪಡಿಸಿದ ಅರ್ಧ ಗಂಟೆ ಸಾಕು. ಫೋನ್ ಪಕ್ಕದ ಕೋಣೆಯಲ್ಲಿರಲಿ. ದುಬಾರಿ ಆಟಿಕೆ ಬೇಕಿಲ್ಲ. ಬೈಕು, ಲಾರಿ, ಆಂಬುಲೆನ್ಸ್, ಅಪ್ಪ ಅಮ್ಮ ಮಗು ಅಜ್ಜಿ ಎನ್ನಬಹುದಾದ ನಾಲ್ಕು ಗೊಂಬೆಗಳು, ಡಾಕ್ಟರ್ ಸೆಟ್, ಅಡುಗೆ ಸಾಮಾನಿನ ಸೆಟ್, ಜೇಡಿಮಣ್ಣು, ಕಾಗದ, ಬಣ್ಣದ ಕ್ರೇಯಾನ್ ಒಂದು ಡಬ್ಬಿಯಲ್ಲಿರಲಿ. ಆ ಡಬ್ಬಿ ಆ ಅರ್ಧ ಗಂಟೆಗೆ ಮಾತ್ರ ಹೊರಬರಲಿ. ‘ಇಲ್ಲಿ ನಿನಗೆ ಹೇಗೆ ಬೇಕೋ ಹಾಗೆ ಆಡಬಹುದು’ ಎಂದು ಹೇಳಿ ಕುಳಿತುಕೊಳ್ಳಿ. ಕಲಿಸಬೇಡಿ, ಎಣಿಸಲು ಹೇಳಬೇಡಿ, ‘ಇದು ಯಾರು?’ ಎಂದು ವಿಚಾರಣೆ ಮಾಡಬೇಡಿ. ಹಲವು ತಾಯಂದಿರಿಗೆ ಇದೇ ಅತಿ ಕಷ್ಟದ ಭಾಗ. ಮಗುವಿನ ಜೊತೆ ಕುಳಿತಾಗ ಪ್ರಶ್ನೆ ಕೇಳದಿರುವುದು ನಮ್ಮ ಅಭ್ಯಾಸದಲ್ಲೇ ಇಲ್ಲ. ‘ಲಾರಿ ಮತ್ತೆ ಬಂತು. ಬೈಕಿನವನಿಗೆ ಗೊತ್ತೇ ಆಗಲಿಲ್ಲ’ ಎನ್ನುವಷ್ಟು ಸಾಕು. ಅವನು ಸಿಟ್ಟಿನಲ್ಲಿ ನಿಮಗೆ ಹೊಡೆಯಲು ಬಂದರೆ ‘ನಿನಗೆ ತುಂಬಾ ಸಿಟ್ಟು ಬಂದಿದೆ. ಅಮ್ಮನಿಗೆ ಹೊಡೆಯೋ ಹಾಗಿಲ್ಲ. ಆ ದಿಂಬಿಗೆ ಎಷ್ಟು ಬೇಕಾದರೂ ಹೊಡಿ’ ಎಂದು ಅದೇ ಅನುಕ್ರಮದಲ್ಲಿ, ಶಾಂತವಾಗಿ ಹೇಳಿ. ಮುಗಿಯಲು ಐದು ನಿಮಿಷ ಇರುವಾಗ ತಿಳಿಸಿ, ಹೇಳಿದ ಹೊತ್ತಿಗೆ ನಿಲ್ಲಿಸಿ. ಇದರಲ್ಲೊಂದು ಅಪಾಯವೂ ಇದೆ. ನಿಮ್ಮ ದುಃಖ ಇನ್ನೂ ಹಸಿಯಾಗಿದೆ. ಅಪಘಾತದ ಆಟವನ್ನು ಅರ್ಧ ಗಂಟೆ ನೋಡುವುದು ಸದ್ಯ ನಿಮ್ಮಿಂದ ಆಗದೇ ಹೋಗಬಹುದು. ಆಗದಿದ್ದರೆ ಬಿಡಿ. ಅರ್ಧಕ್ಕೆ ಎದ್ದುಹೋಗುವ ಅಮ್ಮನಿಗಿಂತ, ಆ ಕೆಲಸವನ್ನು ಸದ್ಯಕ್ಕೆ ಥೆರಪಿಸ್ಟರಿಗೇ ಬಿಟ್ಟು, ರಾತ್ರಿ ಪಕ್ಕದಲ್ಲಿ ಮಲಗಿ ಕಥೆ ಹೇಳುವ ಅಮ್ಮ ಮೇಲು.

ಥೆರಪಿಸ್ಟ್ ಪೂರ್ತಿ ಹೇಳುವುದಿಲ್ಲ ಎಂಬ ದೂರಿನಲ್ಲಿ ಅರ್ಧ ಭಾಗ ಸರಿ, ಅರ್ಧ ಅಲ್ಲ. ಆಡಿದ್ದೆಲ್ಲ ಅಮ್ಮನಿಗೆ ತಲುಪುತ್ತದೆ ಎಂದು ತಿಳಿದರೆ ಮಗು ನಿಮ್ಮನ್ನು ಅಳಿಸದಂಥ ಆಟವನ್ನೇ ಆರಿಸಿಕೊಳ್ಳುತ್ತದೆ. ಆದ್ದರಿಂದ ಆಟದ ವಿವರಗಳನ್ನು ಅವರು ಕಾಪಾಡುವುದು ಸರಿ. ಆದರೆ ಏನು ತೊಂದರೆಯೆಂದು ಅವರು ಅಂದುಕೊಂಡಿದ್ದಾರೆ, ಯಾವ ಗುರಿ ಇಟ್ಟುಕೊಂಡಿದ್ದಾರೆ, ಸುಧಾರಣೆಯನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ತಿಳಿಯುವ ಹಕ್ಕು ನಿಮಗಿದೆ. ನಾಲ್ಕಾರು ವಾರಕ್ಕೊಮ್ಮೆಯಾದರೂ ನಿಮ್ಮೊಬ್ಬರೊಂದಿಗೆ ಕುಳಿತು ಮಾತಾಡಬೇಕು. ಮಗುವಿನ ಜೀವಕ್ಕೆ ಅಪಾಯ ಅಥವಾ ಯಾರಿಂದಲಾದರೂ ದೌರ್ಜನ್ಯದ ಸುಳಿವು ಸಿಕ್ಕರೆ ಗುಟ್ಟು ಎಂಬುದೇ ಇರುವುದಿಲ್ಲ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಅವರ ಅರ್ಹತೆಯನ್ನೂ ಕೇಳಿ, ಅದರಲ್ಲಿ ಅವಮರ್ಯಾದೆಯೇನಿಲ್ಲ. ನಮ್ಮ ದೇಶದಲ್ಲಿ ಪ್ಲೇ ಥೆರಪಿಸ್ಟ್ ಎಂಬ ಹೆಸರಿಗೇ ಪ್ರತ್ಯೇಕ ಸರ್ಕಾರಿ ನೋಂದಣಿ ಇಲ್ಲದಿರುವುದರಿಂದ ವಾರಾಂತ್ಯದ ಕೋರ್ಸ್ ಮಾಡಿದವರೂ ಬೋರ್ಡು ಹಾಕಿಕೊಳ್ಳಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಬೇರೆ ಹಿನ್ನೆಲೆಯವರಾದರೆ ಮೂಲ ಪದವಿ ಯಾವುದು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಬಹುದು.

ಮಾತ್ರೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಆರು ವರ್ಷದ ಮಗುವಿನ ದುಃಖಕ್ಕೆ ಮಾತ್ರೆಯಿಲ್ಲ, ನೀವು ಬರೆದ ಲಕ್ಷಣಗಳಿಗೆ ಸದ್ಯ ಅದರ ಅಗತ್ಯವೂ ಕಾಣುವುದಿಲ್ಲ. ತಾಯತ, ದೃಷ್ಟಿ ತೆಗೆಯುವುದರಿಂದ ಅತ್ತೆಯವರ ಮನಸ್ಸಿಗೆ ನೆಮ್ಮದಿಯಾಗುವುದಾದರೆ ನನ್ನ ತಕರಾರಿಲ್ಲ. ಆದರೆ ‘ನಿನ್ನ ಮೈಮೇಲೆ ಏನೋ ಇದೆ’ ಎಂಬ ಮಾತು ಮಗುವಿನ ಕಿವಿಗೆ ಬೀಳಬಾರದು. ಏನೂ ಮಾಡದೆ ಕಾಯುವುದೂ ಒಂದು ದಾರಿಯೇ, ಹಲವು ಮಕ್ಕಳು ಸತ್ಯ ಮತ್ತು ಆಸರೆ ಸಿಕ್ಕರೆ ತಾವಾಗಿ ಚೇತರಿಸಿಕೊಳ್ಳುತ್ತಾರೆ. ನಿಮ್ಮ ಮಗನ ವಿಷಯದಲ್ಲಿ ಎಂಟು ತಿಂಗಳ ನಂತರವೂ ಮೂರು ಕಡೆ, ಅಂದರೆ ಹಾಸಿಗೆಯಲ್ಲಿ, ಶಾಲೆಯಲ್ಲಿ, ಆಟದಲ್ಲಿ ತೊಂದರೆ ಕಾಣುತ್ತಿರುವುದರಿಂದ ಬರೀ ಕಾಯುವುದನ್ನು ನಾನು ಒಪ್ಪಲಾರೆ. ಕೆಟ್ಟ ಕನಸು, ಬೈಕಿನ ಸದ್ದಿಗೆ ಬೆಚ್ಚುವುದು, ಅಪಘಾತವಾದ ರಸ್ತೆಯನ್ನು ತಪ್ಪಿಸುವುದು ಇವೂ ಇದ್ದರೆ, ಆಘಾತಕ್ಕೆಂದೇ ರೂಪಿಸಿದ, ಮಗು ಮತ್ತು ತಾಯಿ ಇಬ್ಬರನ್ನೂ ಕೂರಿಸಿಕೊಂಡು ಹಂತಹಂತವಾಗಿ ನಡೆಸುವ ಚಿಕಿತ್ಸೆ ಇನ್ನೂ ಸೂಕ್ತ. ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೂ ಅದನ್ನು ಆಟದ ಮೂಲಕವೇ ಮಾಡಬಹುದು. ಖರ್ಚು ಹೊರೆಯಾದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಕರೆ ನಿಮಗಾಗಿಯೂ ಇರಲಿ.

ನೀವು ಅವನೆದುರು ಅತ್ತದ್ದರಿಂದ ಇದಾಗಲಿಲ್ಲ. ಅಮ್ಮ ಅತ್ತು, ಕಣ್ಣೊರೆಸಿಕೊಂಡು, ‘ಅಪ್ಪ ನೆನಪಾದರು, ಅದಕ್ಕೆ ಅಳು ಬಂತು. ಈಗ ಅಡುಗೆ ಮಾಡೋಣ’ ಎಂದು ಏಳುವುದನ್ನು ಕಂಡ ಮಗುವಿಗೆ ಅಳು ಬಂದು ಹೋಗುವಂಥದ್ದೆಂದು ತಿಳಿಯುತ್ತದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳುವುದು ಅವನನ್ನು ಹೆಚ್ಚು ಹೆದರಿಸುತ್ತದೆ. ಆದರೆ ನಿಮಗೆ ಊಟ ಸೇರದೆ, ನಿದ್ದೆಯಿಲ್ಲದೆ, ಬದುಕೇ ಬೇಡವೆನ್ನಿಸುತ್ತಿದ್ದರೆ ಮಗನ ಚಿಕಿತ್ಸೆಯಷ್ಟೇ ನಿಮ್ಮ ಚಿಕಿತ್ಸೆಯೂ ಮುಖ್ಯ.

ಶಾಲೆಯವರಿಗೆ ಸಾವಿನ ಸುದ್ದಿ ಗೊತ್ತಿರುತ್ತದೆ, ಆದರೆ ಮಗುವಿಗೆ ಏನು ಹೇಳಲಾಗಿದೆ ಎಂಬುದು ಗೊತ್ತಿರುವುದಿಲ್ಲ. ತರಗತಿಯ ಶಿಕ್ಷಕಿಯನ್ನು ಒಬ್ಬರೇ ಭೇಟಿ ಮಾಡಿ ತಿಳಿಸಿ. ಪೆನ್ಸಿಲಿನಿಂದ ಚುಚ್ಚಿದ ದಿನ ಆ ಹುಡುಗ ಏನಾದರೂ ಅಂದಿದ್ದನೇ ಎಂದು ವಿಚಾರಿಸಿ; ‘ನಿನಗೆ ಅಪ್ಪ ಇಲ್ಲ’ ಎಂಬ ಒಂದು ಮಾತಿನಿಂದ ಇಂಥವು ಶುರುವಾಗುವುದುಂಟು. ಹೊಡೆಯುವುದು ತಪ್ಪು ಎಂಬ ನಿಯಮ ಸಡಿಲವಾಗಬಾರದು, ಆದರೆ ಅವನಿಗೆ ಪುಂಡ ಎಂಬ ಹೆಸರು ಅಂಟಲೂ ಬಾರದು. ಡೈರಿಯಲ್ಲಿ ತಂದೆಯ ಸಹಿ ಎಂದಿರುವ ಕಡೆ ನೀವು ಸಹಿ ಮಾಡುತ್ತೀರೆಂದು ಮೊದಲೇ ಹೇಳಿಬಿಡಿ. ಗೇಟಿನ ಬಳಿ ಕೈ ಬಿಡದಿರುವುದಕ್ಕೆ, ಕಾಣದಂತೆ ಜಾರಿಕೊಳ್ಳುವುದು ಪರಿಹಾರವಲ್ಲ, ಏಕೆಂದರೆ ಹೇಳದೆ ಹೋದವರು ಮರಳಿ ಬರುವುದಿಲ್ಲ ಎಂಬ ಅನುಭವ ಅವನಿಗಾಗಿದೆ. ಎಷ್ಟು ಗಂಟೆಗೆ, ಯಾರು ಕರೆಯಲು ಬರುತ್ತಾರೆ ಎಂದು ಹೇಳಿ, ಆ ಹೊತ್ತಿಗೆ ಸರಿಯಾಗಿ ಅವರೇ ಹೋಗಬೇಕು.

‘ನಾನೂ ಅಪ್ಪನ ಹತ್ತಿರ ಹೋಗ್ತೀನಿ’ ಎಂದು ಅವನು ಎಂದಾದರೂ ಹೇಳಿದರೆ ಗಾಬರಿಯಿಂದ ಬಾಯಿ ಮುಚ್ಚಿಸಬೇಡಿ. ಈ ವಯಸ್ಸಿನಲ್ಲಿ ಅದು ಬಹುಪಾಲು ನೋಡಬೇಕೆಂಬ ಆಸೆ ಅಷ್ಟೇ. ಆದರೂ ‘ಹೇಗೆ ಹೋಗ್ತೀಯ?’ ಎಂದು ಮೆಲ್ಲಗೆ ಕೇಳಿ, ಉತ್ತರವನ್ನು ಅದೇ ದಿನ ಥೆರಪಿಸ್ಟರಿಗೆ ತಿಳಿಸಿ. ತನ್ನನ್ನೇ ಗಾಯ ಮಾಡಿಕೊಳ್ಳುವುದು, ರಸ್ತೆಗೆ ಓಡುವುದು, ಊಟ ಬಿಡುವುದು, ದ್ವಿಚಕ್ರ ವಾಹನ ಕಂಡರೆ ಉಸಿರುಗಟ್ಟುವಷ್ಟು ಹೆದರುವುದು ಕಂಡರೆ ಮುಂದಿನ ಶನಿವಾರಕ್ಕೆ ಕಾಯದೆ ಮನೋವೈದ್ಯರಿಗೆ ತೋರಿಸಬೇಕು.

ಸತ್ಯ ಹೇಳಿದ ಮೇಲೆ ಮೊದಲ ಎರಡು ಮೂರು ವಾರ ಅಳು, ಹಠ, ಹಾಸಿಗೆ ಒದ್ದೆಯಾಗುವುದು ಎಲ್ಲವೂ ಹೆಚ್ಚಾಗಬಹುದು. ಹೇಳಿ ಕೆಟ್ಟೆವು ಎಂದು ಮನೆಯವರು ಅಂದಾರು. ಹಿಂದಿನ ಸುಳ್ಳಿಗೆ ಮರಳಬೇಡಿ. ಸಾಮಾನ್ಯವಾಗಿ ಮೊದಲು ಸುಧಾರಿಸುವುದು ಶಾಲೆಯ ಗೇಟಿನ ಬಳಿಯ ಬೀಳ್ಕೊಡುಗೆ ಮತ್ತು ಆಟದೊಳಗಿನ ಕಥೆ; ಹಾಸಿಗೆ ಒಣಗುವುದು ಹಲವು ಸಲ ಕೊನೆಗೆ. ಇಂದಿನಿಂದ ಒದ್ದೆಯಾದ ರಾತ್ರಿಗಳನ್ನು ಕ್ಯಾಲೆಂಡರಿನಲ್ಲಿ, ಮಗನಿಗೆ ಕಾಣದ ಕಡೆ, ಗುರುತು ಹಾಕುತ್ತ ಬನ್ನಿ. ಸತ್ಯ ಹೇಳಿ, ನಿಯಮಿತವಾಗಿ ಹನ್ನೆರಡು ಭೇಟಿಗಳಾದ ಮೇಲೂ ಈ ಮೂರರಲ್ಲಿ ಒಂದೂ ಅಲುಗದಿದ್ದರೆ, ಆ ಕ್ಯಾಲೆಂಡರನ್ನು ಹಿಡಿದುಕೊಂಡೇ ಹೋಗಿ, ಚಿಕಿತ್ಸೆಯ ವಿಧಾನವನ್ನು ಬದಲಿಸಬೇಕೇ ಅಥವಾ ಮಕ್ಕಳ ಮನೋವೈದ್ಯರ ಇನ್ನೊಂದು ಅಭಿಪ್ರಾಯ ಪಡೆಯಬೇಕೇ ಎಂದು ಥೆರಪಿಸ್ಟರನ್ನು ನೇರವಾಗಿ ಕೇಳಿ.